ಬಿತ್ತುವವನ ಊರು: ಒಂದು ಪುಟಕ್ಕೆ ವ್ಯಾಖ್ಯಾನ

ಅಮೆರಿಕದಲ್ಲಿ ನೆಲೆಸಿರುವ ನನ್ನಣ್ಣ ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಆರ್‌ವಿ ಕೊಂಡ. ಹಾಸಿಗೆ, ಅಡಿಗೆ ಕಟ್ಟೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಓಡುವ ಗಾಡಿ. ಅದರಲ್ಲಿ ಒಂದೊಂದೇ ರಾಜ್ಯದ ರಾಜಧಾನಿಯನ್ನು ನೋಡುತ್ತ ಹೋಗುವುದು ಅವನಿಗೂ ಅತ್ತಿಗೆಗೂ ಹಿಡಿದ ಗೀಳು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಲಾಗ್ ಪುಸ್ತಕ ಇಟ್ಟಿದ್ದಾನೆ. ಮೈಲಿ, ಪೆಟ್ರೋಲು, ಬಾಡಿಗೆ ಬರೆದು ಉಳಿದ ಜಾಗದಲ್ಲಿ ದಿನದ ಸಂಗತಿಯನ್ನು ಶಾನುಭೋಗರ ಜಿಪುಣತನದಲ್ಲಿ ನಮೂದಿಸುತ್ತಾನೆ. ನೆಬ್ರಾಸ್ಕ ರಾಜ್ಯದ ರಾಜಧಾನಿ ಲಿಂಕನ್‌ಗೆ ಹೋದಾಗ ನಾನೂ ಜೊತೆಗಿದ್ದೆ. ಆ ಪುಟ ಜೊತೆಗಿದ್ದವರಿಗೆ ಮಾತ್ರ ಅರ್ಥವಾಗುವ ಹಾಗಿದೆ. ಆದ್ದರಿಂದ ಸಾಲು ಹಿಡಿದು ವಿವರಿಸುವ ಕೆಲಸ ನನ್ನದು. ಮೂಲಕಾರರ ಒಪ್ಪಿಗೆ ಪಡೆದಿದ್ದೇನೆ. ತಕರಾರಿದ್ದರೆ ಮುಂದಿನ ಪುಟದಲ್ಲಿ ಬರೆದುಕೊಳ್ಳುತ್ತಾರಂತೆ.

“ಲಿಂಕನ್ ತಲುಪಿದೆವು. ಗಾಡಿ ಊರಾಚೆ, ನಾವು ಊರೊಳಗೆ.”

ಆರ್‌ವಿ ಇಟ್ಟವರಿಗೆ ಈ ಸಾಲಿನ ಬೆಲೆ ಗೊತ್ತು. ಗಾಡಿ 25 ಅಡಿ ಉದ್ದ; ನೆತ್ತಿಯ ಮೇಲಿನ ಏಸಿ ಸೇರಿ ಎತ್ತರ 11 ಅಡಿ ದಾಟುತ್ತದೆ. ಪೇಟೆಯ ಬಹುಮಹಡಿ ಪಾರ್ಕಿಂಗುಗಳ ಬಾಗಿಲಲ್ಲಿ ಏಳಡಿಯ ಆಸುಪಾಸಿನಲ್ಲೇ ಎಚ್ಚರಿಕೆಯ ಪಟ್ಟಿ ತೂಗುತ್ತಿರುತ್ತದೆ. ರಸ್ತೆ ಬದಿಯ ಮೀಟರ್ ಜಾಗ ಕಾರಿನ ಅಳತೆಯದು. ಹಾಗಾಗಿ ರಾಜಧಾನಿ ನೋಡಲು ಬಂದ ಆರ್‌ವಿಯವರು ಮೊದಲು ಊರ ಹೊರಗಿನ ಕ್ಯಾಂಪ್‌ಗ್ರೌಂಡಿನಲ್ಲಿ ಬಿಡಾರ ಹೂಡುತ್ತಾರೆ. ಕರೆಂಟಿನ ದಪ್ಪ ವಯರು 30 ಆಂಪಿನ ಸಾಕೆಟ್ಟಿಗೆ, ನೀರಿನ ಪೈಪು ನಲ್ಲಿಗೆ, ಕೊಳೆನೀರಿನ ಪೈಪು ನೆಲದ ಬಾಯಿಗೆ. ಇಷ್ಟು ಕೂಡಿಸಿ, ಚಕ್ರದಡಿಗೆ ಹಲಗೆ ಕೊಟ್ಟು ಮಟ್ಟ ಮಾಡಿದ ಮೇಲೆ ಗಾಡಿ ಮನೆಯಾಗುತ್ತದೆ. ಅಣ್ಣ ಬೆನ್ನಿಗೆ ಒಂದು ಚಿಕ್ಕ ಕಾರನ್ನು ಕಟ್ಟಿ ಎಳೆದು ತಂದಿದ್ದ. ಊರೊಳಗಿನ ಓಡಾಟವೆಲ್ಲ ಅದರಲ್ಲಿ.

ಬಂದ ದಾರಿಯ ಬಗ್ಗೆ ಮೂಲದಲ್ಲಿ ಒಂದು ಮಾತೂ ಇಲ್ಲ. ಇಂಟರ್‌ಸ್ಟೇಟ್ 80 ಹೆದ್ದಾರಿ ನೆಬ್ರಾಸ್ಕದೊಳಗೆ 455 ಮೈಲಿ ಓಡುತ್ತದೆ. ಗ್ರ್ಯಾಂಡ್ ಐಲೆಂಡಿನಿಂದ ಲಿಂಕನ್ ಕಡೆಗೆ 72 ಮೈಲಿ ನೂಲು ಹಿಡಿದ ಹಾಗೆ ನೇರ. ಎಡಕ್ಕೆ ಮೆಕ್ಕೆಜೋಳ, ಬಲಕ್ಕೆ ಸೋಯಾ, ಬೇಸರವಾದರೆ ಎಡಕ್ಕೆ ಸೋಯಾ, ಬಲಕ್ಕೆ ಮೆಕ್ಕೆಜೋಳ. ತಿರುವಿಲ್ಲದ ದಾರಿ ಸಲೀಸು ಎಂದುಕೊಳ್ಳಬೇಡಿ. ಡಬ್ಬದಂಥ ಗಾಡಿಯ ಪಕ್ಕೆಗೆ ಬಯಲಿನ ಅಡ್ಡಗಾಳಿ ಗುದ್ದುತ್ತಿದ್ದರೆ ಸ್ಟಿಯರಿಂಗ್ ಹಿಡಿದ ತೋಳು ಸಂಜೆಗೆ ಮಾತಾಡುತ್ತದೆ.

ಊರಿಗೆ ಲಿಂಕನ್ ಹೆಸರು ಬಂದದ್ದು ಭಕ್ತಿಯಿಂದ ಅಲ್ಲ, ಕುತಂತ್ರದಿಂದ. 1867ರಲ್ಲಿ ನೆಬ್ರಾಸ್ಕ ರಾಜ್ಯವಾಯಿತು. ಅಲ್ಲಿಯವರೆಗೆ ಆಡಳಿತ ಇದ್ದದ್ದು ಒಮಾಹಾದಲ್ಲಿ. ಪ್ಲ್ಯಾಟ್ ನದಿಯ ದಕ್ಷಿಣದವರು ರಾಜಧಾನಿ ತಮ್ಮ ಕಡೆಗೆ ಬರಲಿ ಎಂದು ಹಟ ಹಿಡಿದರು. ಅವರಲ್ಲಿ ಅನೇಕರು ಡೆಮಾಕ್ರಟರು, ಗುಂಡೇಟಿಗೆ ಸತ್ತು ಎರಡು ವರ್ಷವಾಗಿದ್ದ ಅಧ್ಯಕ್ಷ ಲಿಂಕನ್‌ನನ್ನು ಕಂಡರಾಗದವರು. ಹೊಸ ರಾಜಧಾನಿಗೆ ಲಿಂಕನ್ ಹೆಸರಿಡಬೇಕು ಎಂದು ಒಮಾಹಾದ ಸೆನೆಟರೊಬ್ಬ ತಿದ್ದುಪಡಿ ತಂದ. ಆ ಹೆಸರು ಕೇಳಿ ಅವರು ಮಸೂದೆಯನ್ನೇ ಕೈಬಿಟ್ಟಾರು ಎಂಬುದು ಅವನ ಲೆಕ್ಕ. ಅವರು ಹೆಸರನ್ನು ನುಂಗಿಕೊಂಡರು, ರಾಜಧಾನಿಯನ್ನು ಬಿಡಲಿಲ್ಲ. ಲ್ಯಾಂಕಾಸ್ಟರ್ ಎಂಬ ಹಳ್ಳಿ ಲಿಂಕನ್ ಆಯಿತು.

“ಮೊದಲು ಗೋಪುರ, ಆಮೇಲೆ ಊರು.”

ಕಂಡ ಕ್ರಮದಲ್ಲೇ ಬರೆದಿದ್ದಾನೆ. ಸಮತಟ್ಟಾದ ನೆಲದಲ್ಲಿ ಕ್ಯಾಪಿಟಲ್‌ನ 400 ಅಡಿಯ ಗೋಪುರ ಮೈಲಿಗಟ್ಟಲೆ ದೂರದಿಂದಲೇ ಕಾಣುತ್ತದೆ. ಸುತ್ತಮುತ್ತಲ ಕಟ್ಟಡಗಳ ಎತ್ತರಕ್ಕೆ ನಗರ ಮಿತಿ ಹಾಕಿದೆ. ನೋಟಕ್ಕೆ ಯಾವುದೂ ಅಡ್ಡ ಬರಬಾರದು.

ಕ್ಯಾಪಿಟಲ್ ಎಂದರೆ ರಾಜ್ಯದ ಶಾಸನಸಭೆ, ಗವರ್ನರ್ ಕಚೇರಿ ಇರುವ ಕಟ್ಟಡ. ಅಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ಜನ ಓಟು ಹಾಕಿ ಆರಿಸಿದ, ಆಡಳಿತ ನಡೆಸುವ ಮನುಷ್ಯ. ನೆಬ್ರಾಸ್ಕದ ಕ್ಯಾಪಿಟಲ್‌ನಲ್ಲಿ ಸುಪ್ರೀಂ ಕೋರ್ಟು ಕೂಡ ಒಂದೇ ಸೂರಿನಡಿ ಇದೆ. ಬಹುತೇಕ ರಾಜ್ಯಗಳು ವಾಷಿಂಗ್ಟನ್ನಿನ ಗುಮ್ಮಟವನ್ನು ಚಿಕ್ಕದು ಮಾಡಿ ತಮ್ಮೂರಲ್ಲಿ ಕೂರಿಸಿಕೊಂಡಿವೆ. ನಾಲ್ಕಾರು ನೋಡಿದ ಮೇಲೆ ಯಾವುದು ಯಾವ ಊರಿನದೆಂದು ಫೋಟೋದಲ್ಲಿ ಗುರುತಿಸುವುದು ಕಷ್ಟ. ನೆಬ್ರಾಸ್ಕ ಆ ದಾರಿ ಬಿಟ್ಟಿತು. 1920ರ ಸ್ಪರ್ಧೆಯಲ್ಲಿ ಗೆದ್ದ ವಾಸ್ತುಶಿಲ್ಪಿ ಬರ್ಟ್ರಮ್ ಗ್ರೋವ್‌ನರ್ ಗುಡ್‌ಹ್ಯೂ ಚಪ್ಪಟೆಯಾದ ಚೌಕದ ನಡುವಿನಿಂದ ಗೋಪುರವನ್ನು ಎಬ್ಬಿಸಿದ. ಚೌಕದ ಒಂದೊಂದು ಬದಿ 437 ಅಡಿ, ಒಳಗೆ ನಾಲ್ಕು ಅಂಗಳ. ಹೊರಗೋಡೆಯ ಸುತ್ತ ರಾಜ್ಯದ 93 ಕೌಂಟಿಗಳ ಹೆಸರು ಕೆತ್ತಿದೆ. ತಂತಮ್ಮ ಕೌಂಟಿಯ ಹೆಸರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ನಾವೂ ಕಂಡೆವು.

ಕಟ್ಟಿದ ಬಗೆ ಇನ್ನೂ ಸ್ವಾರಸ್ಯದ್ದು. ಅದೇ ಜಾಗದಲ್ಲಿ ಹಳೆಯ ಕ್ಯಾಪಿಟಲ್ ಇತ್ತು, ಕಚೇರಿಗಳು ನಡೆಯುತ್ತಿದ್ದವು. 1922ರಲ್ಲಿ ಅದರ ಸುತ್ತಲೇ ಹೊಸ ಚೌಕವನ್ನು ಕಟ್ಟತೊಡಗಿದರು. ಕಲ್ಲು ಸಾಗಿಸಲು ಊರ ಬೀದಿಯಲ್ಲೇ ರೈಲು ಹಳಿ ಹಾಸಿದರು. ಹೊಸ ಕೋಣೆಗಳು ತಯಾರಾದಂತೆ ಕಡತಗಳು ಸ್ಥಳಾಂತರವಾದವು. ಆಮೇಲೆ ನಡುವಿನ ಹಳೆಯದನ್ನು ಕೆಡವಿ ಆ ತೆರವಿನಲ್ಲಿ ಗೋಪುರ ಏರಿಸಿದರು. 1932ಕ್ಕೆ ಕೆಲಸ ಮುಗಿಯಿತು. ಗುಡ್‌ಹ್ಯೂ 1924ರಲ್ಲೇ ತೀರಿಕೊಂಡಿದ್ದ, ಗೋಪುರವನ್ನು ಅವನು ನೋಡಲಿಲ್ಲ.

“ಕೆಳಗೆ ಲಿಂಕನ್ ತಲೆ ತಗ್ಗಿಸಿದ್ದಾನೆ. ಮೇಲೆ ಬಿತ್ತುವವನು ಬೀಜ ಚೆಲ್ಲುತ್ತಿದ್ದಾನೆ.”

ಪುಟದ ಅತಿ ಒಳ್ಳೆಯ ಸಾಲು ಇದು, ಬರೆದವನಿಗೆ ಗೊತ್ತಿಲ್ಲದಿದ್ದರೂ.

ಕಟ್ಟಡದ ಪಶ್ಚಿಮಕ್ಕೆ ಲಿಂಕನ್‌ನ ಕಂಚಿನ ಪ್ರತಿಮೆ. ಕೈ ಕಟ್ಟಿ, ತಲೆ ಬಾಗಿಸಿ ನಿಂತ ಭಂಗಿ. ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್, ಪೀಠದ ವಿನ್ಯಾಸ ಹೆನ್ರಿ ಬೇಕನ್‌ನದು. ಇದನ್ನು ನಿಲ್ಲಿಸಿದ್ದು 1912ರಲ್ಲಿ, ಅಂದರೆ ಈ ಗೋಪುರಕ್ಕಿಂತ ಹಿಂದಿನದು. ಹತ್ತು ವರ್ಷಗಳ ನಂತರ ಅದೇ ಇಬ್ಬರ ಕೆಲಸವಾದ ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕ ಲೋಕಾರ್ಪಣೆಯಾಯಿತು. ಅಲ್ಲಿ ಕುಳಿತ ಲಿಂಕನ್ ನಾಡನ್ನು ನೋಡುತ್ತಾನೆ, ಇಲ್ಲಿಯವನು ನೆಲ ನೋಡುತ್ತಾನೆ. ನನಗೆ ಈ ಲಿಂಕನ್ನೇ ಹೆಚ್ಚು ಹಿಡಿಸಿದ.

ಗೋಪುರದ ತುದಿಯಲ್ಲಿ ಚಿನ್ನದ ಬಣ್ಣದ ಹೆಂಚಿನ ಗುಮ್ಮಟ. ಅದರ ಮೇಲೆ ಧಾನ್ಯದ ತೆನೆಗಳ ಪೀಠ, ಆ ಪೀಠದ ಮೇಲೆ ಬರಿಗಾಲಿನ ಒಬ್ಬ ರೈತ. ಲೀ ಲಾರಿ ಮಾಡಿದ ಈ ಕಂಚಿನ ಮೂರ್ತಿ 19 ಅಡಿಗೂ ಎತ್ತರ. ಹೆಗಲಿಗೆ ಬೀಜದ ಚೀಲ, ಬಲಗೈ ಬೀಸಿ ಎರಚುವ ನಿಲುವು. 1930ರಲ್ಲಿ ಮೇಲೇರಿಸಿದರು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರ್ ಎದುರು ಆಕಾಶಗೋಲ ಹೊತ್ತು ನಿಂತ ಅಟ್ಲಾಸ್ ಕೂಡ ಇದೇ ಲಾರಿಯ ಕೈಕೆಲಸ. ಬಿತ್ತನೆ ನೋಡಿ ಬೆಳೆದವರಿಗೆ ಈ ರೈತ ಕೊಂಚ ಅನುಮಾನ ತರುತ್ತಾನೆ. ಸಾಲು ಹಿಡಿದು ಒಂದೇ ಆಳಕ್ಕೆ ಕಾಳಿಳಿಸುವ ಕೂರಿಗೆ ನಮ್ಮ ಬಡ ರೈತನ ಹತ್ತಿರವೂ ಇತ್ತು. 1930ರ ನೆಬ್ರಾಸ್ಕದ ಹೊಲಗಳಲ್ಲಿ ಯಂತ್ರದ ಕೂರಿಗೆಗಳೂ ಟ್ರ್ಯಾಕ್ಟರುಗಳೂ ಓಡಾಡುತ್ತಿದ್ದವು. ಹಾಗಾಗಿ ಮೇಲೆ ನಿಂತವನು ನೆಬ್ರಾಸ್ಕದ ರೈತನಲ್ಲ, ರೈತನ ಬಗ್ಗೆ ನೆಬ್ರಾಸ್ಕ ಕಂಡ ಕನಸು. ಬಿತ್ತುವವನಿಗೆ ನೆಲ ಬೇಕು. ಆ ನೆಲ ಯಾರದಾಗಿತ್ತು, ಹೇಗೆ ಕೈಗೆ ಬಂತು ಎಂಬುದನ್ನು ಮೂರ್ತಿ ಹೇಳುವುದಿಲ್ಲ. ಕ್ಯಾಪಿಟಲ್ ಎನ್ನುವುದು ರಾಜ್ಯ ತನ್ನ ಬಗ್ಗೆ ತಾನೇ ಬರೆದುಕೊಂಡ ಮೂಲಗ್ರಂಥ. ಅದರ ಟೀಕೆ ಸಿಗುವುದು ಸುತ್ತಲಿನ ಊರಲ್ಲಿ, ಹೊಲದಲ್ಲಿ. ಕಟ್ಟಡ ನೋಡಿ ಹೆದ್ದಾರಿ ಹಿಡಿದವರು ಅರ್ಧ ನೋಡಿದವರು ಎಂದು ನಾನು ವಾದಿಸುವುದು ಇದೇ ಕಾರಣಕ್ಕೆ.

“ಸಾಲವಿಲ್ಲದೆ ಕಟ್ಟಿದ್ದು. ಇವಳಿಗೆ ಇದೇ ಹಿಡಿಸಿತು.”

‘ಇವಳು’ ಎಂದರೆ ಅತ್ತಿಗೆ. ಮನೆ ಸಾಲದ ಕಂತು ಕಟ್ಟಿ ದಣಿದವರಿಗೆ ಇದು ಹಿಡಿಸದೆ ಇರುತ್ತದೆಯೆ! ಹಣ ಬಂದಷ್ಟು ಕಟ್ಟುವುದು, ಬರುವವರೆಗೆ ಕಾಯುವುದು ಎಂಬ ಪದ್ಧತಿ. ಒಟ್ಟು ವೆಚ್ಚ ಒಂದು ಕೋಟಿ ಡಾಲರಿನೊಳಗೆ ಮುಗಿಯಿತು. ಮಹಾ ಆರ್ಥಿಕ ಕುಸಿತದ ನಡುವೆ 1932ರಲ್ಲಿ ಬಾಗಿಲು ತೆರೆದಾಗ ಯಾರಿಗೂ ಬಾಕಿ ಇರಲಿಲ್ಲ. ಹಾಗೆಂದು ಅಂದುಕೊಂಡದ್ದೆಲ್ಲ ಆಗಲೂ ಇಲ್ಲ. ಅಂಗಳಗಳಲ್ಲಿ ಗುಡ್‌ಹ್ಯೂ ಬಯಸಿದ್ದ ನಾಲ್ಕು ಕಾರಂಜಿಗಳಿಗೆ ದುಡ್ಡು ಸಾಲಲಿಲ್ಲ. ಅವು ಚಿಮ್ಮಿದ್ದು 2017ರಲ್ಲಿ, ರಾಜ್ಯಕ್ಕೆ 150 ವರ್ಷ ತುಂಬಿದಾಗ.

“ಒಳಗೆ ಹೋದರೆ ಮೊದಲು ನೆಲ ನೋಡಿ.”

ಒಳಗೆ ಹೋಗುವ ಮುನ್ನ ಉತ್ತರ ಬಾಗಿಲ ಮೇಲೆ ಕೆತ್ತಿದ್ದನ್ನು ಓದಬೇಕು. ಪ್ರಜೆ ಎಚ್ಚರವಾಗಿದ್ದರೆ ಮಾತ್ರ ರಾಜ್ಯಕ್ಕೆ ಉಳಿಗಾಲ ಎಂಬುದು ಅದರ ಆಶಯ. ಈ ಕಟ್ಟಡದ ಬರಹಗಳನ್ನೆಲ್ಲ ಯೋಜಿಸಿದವನು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಹಾರ್ಟ್ಲಿ ಬರ್ ಅಲೆಕ್ಸಾಂಡರ್. ಕನ್ನಡಿಗರಿಗೆ ಇಲ್ಲಿ ವಿಧಾನಸೌಧ ನೆನಪಾಗದೆ ಇರದು. ಕೆಂಗಲ್ ಹನುಮಂತಯ್ಯನವರ ಕಟ್ಟಡದ ಹಣೆಯ ಮೇಲಿನ ಮಾತು, ಸರ್ಕಾರದ ಕೆಲಸ ದೇವರ ಕೆಲಸ ಎಂಬುದು, ಒಳಗೆ ಕೂತ ಅಧಿಕಾರಿಗೆ ಹೇಳಿದ ಬುದ್ಧಿ. ಲಿಂಕನ್‌ನದು ಮೆಟ್ಟಿಲು ಹತ್ತಿ ಬರುವವನಿಗೆ ಹೇಳಿದ್ದು. ಎರಡೂ ಬೇಕು, ಎರಡೂ ಎಷ್ಟು ಕಿವಿಗೆ ಬಿದ್ದಿವೆ ಎಂಬುದು ಬೇರೆ ಮಾತು. ಲಿಂಕನ್‌ನಲ್ಲಿ ಒಳಗೆ ಹೋಗಲು ಪಾಸು ಬೇಡ, ಮಾರ್ಗದರ್ಶಿಯ ಜೊತೆ ಸುತ್ತಾಟವೂ ಪುಕ್ಕಟೆ. ವಿಧಾನಸೌಧದಲ್ಲಿ ಸಾರ್ವಜನಿಕರಿಗೆ ಅಂಥ ಸುತ್ತಾಟ ಶುರುವಾದದ್ದು 2025ರಲ್ಲಿ.

ಇನ್ನು ನೆಲ. ಹಿಲ್ಡ್ರೆತ್ ಮಿಯೇರ್ ಎಂಬ ಕಲಾವಿದೆ ಅಮೃತಶಿಲೆಯ ತುಂಡುಗಳಲ್ಲಿ ಬಿಡಿಸಿದ ಚಿತ್ರಗಳು ನಮ್ಮ ಕಾಲಡಿಯಲ್ಲೇ ಹರಡಿವೆ. ಗುಮ್ಮಟದ ಕೆಳಗಿನ ವೃತ್ತದ ನಡುವೆ ಭೂತಾಯಿ. ಅವಳ ಸುತ್ತ ನೀರು, ಬೆಂಕಿ, ಗಾಳಿ, ಮಣ್ಣು. ಇವನ್ನೆಲ್ಲ ಹೆಣೆಯುವ ಪಟ್ಟಿಯೊಳಗೆ ವಿಚಿತ್ರ ಪ್ರಾಣಿಗಳು: ಎಂದೋ ಅಳಿದುಹೋದ, ನೆಬ್ರಾಸ್ಕದ ಮಣ್ಣಲ್ಲಿ ಮೂಳೆಯಾಗಿ ಸಿಕ್ಕ ಜೀವಿಗಳು. ಅವುಗಳಿಗೆ ಮಾದರಿ ಒದಗಿಸಿದವನು ರಾಜ್ಯದ ಮ್ಯೂಸಿಯಮ್ಮಿನ ಮುಖ್ಯಸ್ಥ ಅರ್ವಿನ್ ಬಾರ್ಬರ್. ಹೆಸರು ನೆನಪಿರಲಿ, ಮಧ್ಯಾಹ್ನ ಮತ್ತೆ ಬರುತ್ತಾನೆ. ಬಿತ್ತುವವನು ಬರುವುದಕ್ಕೆ ಎಷ್ಟೋ ಯುಗ ಮುಂಚೆ ಈ ನೆಲಕ್ಕೆ ಬೇರೆ ಒಡೆಯರಿದ್ದರು ಎಂದು ಕಟ್ಟಡ ತಾನಾಗಿ ಒಪ್ಪಿಕೊಂಡ ಜಾಗ ಇದು. ಜನ ಅದರ ಮೇಲೆ ನಿಂತು ಗುಮ್ಮಟದ ಫೋಟೋ ತೆಗೆಯುತ್ತಾರೆ.

“ಒಂದೇ ಸದನ. 49 ಜನ. ಪಕ್ಷದ ಹೆಸರಿಲ್ಲ.”

ಅಮೆರಿಕದ 50 ರಾಜ್ಯಗಳಲ್ಲಿ ಒಂದೇ ಸದನದ ಶಾಸನಸಭೆ ಇರುವುದು ಇಲ್ಲಿ ಮಾತ್ರ. ಮೊದಲು ಎಲ್ಲರಂತೆ ಇಲ್ಲೂ ಎರಡಿದ್ದವು. ಜಾರ್ಜ್ ನಾರಿಸ್ ಎಂಬ ಸೆನೆಟರ್ ಎರಡು ಸದನ ದಂಡ ಎಂದು ವಾದಿಸಿದ. ಎರಡೂ ಕಡೆ ಬೇರೆ ಬೇರೆ ರೂಪದಲ್ಲಿ ಪಾಸಾದ ಮಸೂದೆಯನ್ನು ಹೊಂದಿಸಲು ಕೆಲವೇ ಜನರ ಸಮಿತಿ ಮುಚ್ಚಿದ ಬಾಗಿಲ ಹಿಂದೆ ಕೂರುತ್ತದೆ, ನಿಜವಾದ ಕಾನೂನು ಅಲ್ಲಿ ಆಗುತ್ತದೆ, ಯಾರು ಏನು ಮಾಡಿದರೆಂದು ಮತದಾರನಿಗೆ ತಿಳಿಯುವುದೇ ಇಲ್ಲ ಎಂಬುದು ಅವನ ದೂರು. 1934ರಲ್ಲಿ ರಾಜ್ಯವಿಡೀ ಕಾರಿನಲ್ಲಿ ಸುತ್ತಿ ಪ್ರಚಾರ ಮಾಡಿದ. ಎರಡು ಜೊತೆ ಟಯರು ಸವೆದವು ಎಂದು ಇಂದಿಗೂ ಹೇಳುತ್ತಾರೆ. ಅಣ್ಣನಿಗೆ ನಾರಿಸ್ ಮೇಲೆ ಗೌರವ ಹುಟ್ಟಿದ್ದು ಟಯರಿನ ಮಾತು ಕೇಳಿದ ಮೇಲೆ. ಜನ ತಿದ್ದುಪಡಿಗೆ ಒಪ್ಪಿದರು. ಅದೇ ಮತಪತ್ರದಲ್ಲಿ ಪಾನನಿಷೇಧ ತೆಗೆಯುವ ಪ್ರಶ್ನೆಯೂ, ಕುದುರೆ ಜೂಜಿನ ಪ್ರಶ್ನೆಯೂ ಇದ್ದದ್ದು ನಾರಿಸ್‌ನ ಅದೃಷ್ಟ. ಅವುಗಳಿಗಾಗಿ ಬಂದವರು ಇದಕ್ಕೂ ಮುದ್ರೆ ಒತ್ತಿ ಹೋದರು ಎನ್ನುವವರಿದ್ದಾರೆ.

1937ರಿಂದ ಒಂದೇ ಸದನ. ಎರಡು ಸದನಗಳ 133 ಸ್ಥಾನ 43ಕ್ಕೆ ಇಳಿಯಿತು, ಈಗ 49. ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಯಾರು ಯಾವ ಪಕ್ಷವೆಂದು ಊರಿಗೆಲ್ಲ ಗೊತ್ತೇ ಇರುತ್ತದೆ ಅನ್ನಿ. ಆದರೂ ಒಂದು ನಿಯಮ ನನಗೆ ಹೊಟ್ಟೆಕಿಚ್ಚು ತರಿಸಿತು: ಪ್ರತಿಯೊಂದು ಮಸೂದೆಗೂ ಸಾರ್ವಜನಿಕ ವಿಚಾರಣೆ ಆಗಬೇಕು, ಯಾವ ಪ್ರಜೆ ಬೇಕಾದರೂ ಬಂದು ಮಾತಾಡಬಹುದು. ಸದಸ್ಯರ ಸಂಬಳ ವರ್ಷಕ್ಕೆ 12000 ಡಾಲರ್. ಭಾರತದಲ್ಲಿ ವಿಧಾನ ಪರಿಷತ್ತು ಉಳಿಸಿಕೊಂಡಿರುವ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ಬೇಕೆ ಬೇಡವೆ ಎಂಬ ಚರ್ಚೆಗೆ ಕೂರುವವರು ನಾರಿಸ್‌ನ ವಾದವನ್ನು ಒಮ್ಮೆ ತಿರುವಿ ಹಾಕಬೇಕು.

ಮೂಲಕಾರ ಬಿಟ್ಟುಬಿಟ್ಟದ್ದು ಒಂದಿದೆ. ಸದನ ಒಂದಾದ ಮೇಲೆ ಕಟ್ಟಡದಲ್ಲಿ ಒಂದು ಸಭಾಂಗಣ ಖಾಲಿ ಬಿತ್ತು. ದೊಡ್ಡದು, ಪಶ್ಚಿಮದ್ದು, ಉಳಿಯಿತು. ಅದರ ಛಾವಣಿಯಲ್ಲಿ ಈ ಬಯಲನ್ನು ಆಳಿದ ಸ್ಪೇನ್, ಫ್ರಾನ್ಸ್, ಅಮೆರಿಕಗಳ ಕಥೆ. ಖಾಲಿಯಾದದ್ದು ಪೂರ್ವದ ಚಿಕ್ಕ ಸಭಾಂಗಣ. ಅದರ ಅಲಂಕಾರವೆಲ್ಲ ಮೂಲನಿವಾಸಿಗಳದ್ದು. ಕೀಟ್ಸ್ ಲೊರೆಂಜ್ ಕೆತ್ತಿದ ಅದರ ಭಾರಿ ಮರದ ಬಾಗಿಲುಗಳ ಮುಂದೆ ಎಲ್ಲ ಪ್ರವಾಸಿಗಳೂ ನಿಲ್ಲುತ್ತಾರೆ. ಯಾರೂ ಬೇಕೆಂದು ಹೀಗೆ ಮಾಡಲಿಲ್ಲ, ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಇಟ್ಟುಕೊಂಡರು ಅಷ್ಟೆ. ಆದರೂ ಶಾಸನ ಮಾಡುವವರು ಕೂರುವ ಕೋಣೆ ಬಂದವರ ಕಥೆಯದು, ಸಮಾರಂಭಕ್ಕೆ ತೆರೆಯುವ ಕೋಣೆ ಇದ್ದವರ ಕಥೆಯದು. ಈ ಕಟ್ಟಡ ಇದಕ್ಕಿಂತ ಖಚಿತವಾಗಿ ಬೇರೆಲ್ಲೂ ಮಾತಾಡಿಲ್ಲ.

“14ನೇ ಮಹಡಿ. ಗಾಳಿ.”

ಲಿಫ್ಟಿನಲ್ಲಿ ಮೇಲೆ ಹೋದರೆ ನಾಡಿಗಾಗಿ ಸತ್ತವರ ಸ್ಮಾರಕ ಮಂಟಪ; ಅದರಾಚೆ ನಾಲ್ಕು ದಿಕ್ಕಿಗೂ ನಿಂತು ನೋಡುವ ಕಟ್ಟೆ. ಊರು ಮುಗಿದಲ್ಲಿಂದ ಹೊಲ, ಹೊಲ ಮುಗಿದಲ್ಲಿಂದ ಆಕಾಶ. ಗೋಪುರದ ಮೇಲೆ ಪೆರಿಗ್ರಿನ್ ಗಿಡುಗಗಳು ಗೂಡು ಕಟ್ಟುತ್ತವೆ. ದುರಸ್ತಿ ಕೆಲಸಕ್ಕಾಗಿ ಮೇಲಿನ ಮಹಡಿ ಆಗಾಗ ಮುಚ್ಚಿರುವುದುಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಟೋಪಿ ಕೆಳಗೇ ಬಿಟ್ಟು ಹೋಗಿ.

“ಮಾಲ್‌ನಲ್ಲಿ ಸ್ಟ್ಯಾಂಡಿಂಗ್ ಬೇರ್. ಬಹಳ ಹೊತ್ತು ನಿಂತೆವು.”

ಈ ಮಾಲ್ ಅಂಗಡಿಗಳದ್ದಲ್ಲ. ಕ್ಯಾಪಿಟಲ್‌ನ ಉತ್ತರ ಬಾಗಿಲಿಂದ ವಿಶ್ವವಿದ್ಯಾಲಯದ ಕಡೆಗೆ ಹೋಗುವ ಅಗಲವಾದ ದಾರಿ, ಹೆಸರು ಸೆಂಟೆನಿಯಲ್ ಮಾಲ್. ಅಲ್ಲಿ 2017ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆ ಪೊಂಕ ಬುಡಕಟ್ಟಿನ ನಾಯಕ ಸ್ಟ್ಯಾಂಡಿಂಗ್ ಬೇರ್‌ನದು. ಹಿಂದೆ ಗೋಪುರ, ಅದರ ತುದಿಯಲ್ಲಿ ಬಿತ್ತುವವನು, ಮುಂದೆ ಇವನು.

1877ರಲ್ಲಿ ಸರ್ಕಾರ ಪೊಂಕ ಜನರನ್ನು ನೆಬ್ರಾಸ್ಕದ ಉತ್ತರದಲ್ಲಿ ನಯೋಬ್ರಾರ ನದಿಯ ದಂಡೆಯಿಂದ ಎಬ್ಬಿಸಿ ಇಂದಿನ ಒಕ್ಲಹೋಮಕ್ಕೆ ಅಟ್ಟಿತು. ದಾರಿಯಲ್ಲೂ ಹೋದ ಮೇಲೂ ಜ್ವರ, ಹಸಿವಿನಿಂದ ಅನೇಕರು ಸತ್ತರು. ಸ್ಟ್ಯಾಂಡಿಂಗ್ ಬೇರ್‌ನ ಮಗನೂ ಸತ್ತ. ತನ್ನನ್ನು ಹುಟ್ಟಿದ ನೆಲದಲ್ಲೇ ಮಣ್ಣು ಮಾಡಬೇಕೆಂದು ಅವನು ಅಪ್ಪನನ್ನು ಕೇಳಿಕೊಂಡಿದ್ದ. 1879ರ ಜನವರಿಯ ಕೊರೆಯುವ ಚಳಿಯಲ್ಲಿ ಅಪ್ಪ ಮಗನ ಕಳೇಬರ ಸಾಗಿಸಿಕೊಂಡು, ಸುಮಾರು 30 ಜನರೊಂದಿಗೆ ಊರ ಕಡೆ ಹೊರಟ. ಅನುಮತಿಯಿಲ್ಲದೆ ಬಂದದ್ದಕ್ಕೆ ಸೈನ್ಯ ಅವರನ್ನು ಹಿಡಿದು ಒಮಾಹಾದ ಕೋಟೆಯಲ್ಲಿಟ್ಟಿತು. ಹಿಡಿದ ಜನರಲ್ ಜಾರ್ಜ್ ಕ್ರೂಕ್‌ಗೇ ಮನಸ್ಸಿರಲಿಲ್ಲ. ಥಾಮಸ್ ಟಿಬಲ್ಸ್ ಎಂಬ ಪತ್ರಕರ್ತ ಸುದ್ದಿ ಹಬ್ಬಿಸಿದ, ಇಬ್ಬರು ವಕೀಲರು ಶುಲ್ಕವಿಲ್ಲದೆ ನಿಂತರು. ಬಂಧನ ಪ್ರಶ್ನಿಸುವ ಅರ್ಜಿ ಹಾಕಲು ಇಂಡಿಯನ್ನನಿಗೆ, ಅಂದರೆ ಮೂಲನಿವಾಸಿಗೆ, ಹಕ್ಕೇ ಇಲ್ಲ, ಕಾನೂನಿನ ದೃಷ್ಟಿಯಲ್ಲಿ ಅವನು ವ್ಯಕ್ತಿಯೇ ಅಲ್ಲ ಎಂಬುದು ಸರ್ಕಾರದ ವಾದ. ಸ್ಟ್ಯಾಂಡಿಂಗ್ ಬೇರ್ ಎದ್ದು ಕೈ ಮುಂದೆ ಚಾಚಿದ. ಬಣ್ಣ ಬೇರೆಯಾದರೂ ಈ ಕೈಗೆ ಚುಚ್ಚಿದರೆ ನೋಯುತ್ತದೆ, ಬರುವ ರಕ್ತ ನಿಮ್ಮದರಂತೆಯೇ ಇರುತ್ತದೆ ಎಂಬರ್ಥದ ಮಾತಾಡಿದ. ಮೇ ತಿಂಗಳಲ್ಲಿ ನ್ಯಾಯಾಧೀಶ ಎಲ್ಮರ್ ಡಂಡಿ ತೀರ್ಪಿತ್ತ: ಇಂಡಿಯನ್ನನೂ ಕಾನೂನಿನ ಅರ್ಥದಲ್ಲಿ ವ್ಯಕ್ತಿ. ಬಿಡುಗಡೆಯಾದ ಮೇಲೆ ಅಪ್ಪ ಮಗನನ್ನು ನಯೋಬ್ರಾರ ದಂಡೆಯಲ್ಲಿ ಹೂಳಿದ.

ಮನುಷ್ಯನೆಂದು ಸಾಬೀತುಪಡಿಸಲು ಕೋರ್ಟಿಗೆ ಹೋಗಬೇಕಾದ ಕಥೆ ನಮಗೆ ಪರಕೀಯವೇನಲ್ಲ. ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಪ್ರತಿ ರಾಜ್ಯಕ್ಕೂ ಎರಡು ಪ್ರತಿಮೆಗಳ ಜಾಗವಿದೆ. 2019ರಲ್ಲಿ ನೆಬ್ರಾಸ್ಕ ಅಲ್ಲಿಂದ ತನ್ನ ದೊಡ್ಡ ರಾಜಕಾರಣಿ ವಿಲಿಯಂ ಜೆನಿಂಗ್ಸ್ ಬ್ರಯನ್‌ನನ್ನು ಇಳಿಸಿ ಸ್ಟ್ಯಾಂಡಿಂಗ್ ಬೇರ್‌ನನ್ನು ಕೂರಿಸಿತು.

“ಮಧ್ಯಾಹ್ನ ಆನೆ.”

ಮಾಲ್ ದಾಟಿ ಮುಂದೆ ಹೋದರೆ ವಿಶ್ವವಿದ್ಯಾಲಯದ ಮಾರಿಲ್ ಹಾಲ್, ಬಾಗಿಲಲ್ಲೇ ಕಂಚಿನ ಮ್ಯಾಮತ್. ಒಳಗೆ ಆನೆಗಳ ಹಾಲ್: ಗತಕಾಲದ ಆನೆಗಳ ಅಸ್ಥಿಪಂಜರಗಳು ಮೆರವಣಿಗೆ ಹೊರಟಂತೆ ಸಾಲಾಗಿ ನಿಂತಿವೆ. ಎಲ್ಲಕ್ಕೂ ದೊಡ್ಡದು ಕೊಲಂಬಿಯನ್ ಮ್ಯಾಮತ್, ಮುದ್ದಿನ ಹೆಸರು ಆರ್ಚಿ. ಹೆಗಲ ಹತ್ತಿರ ಸುಮಾರು 14 ಅಡಿ. ಅಣ್ಣನ ಗಾಡಿಯ ನೆತ್ತಿಯನ್ನು ನಿಂತಲ್ಲಿಂದ ನೆಕ್ಕಬಹುದಿತ್ತು. 1922ರಲ್ಲಿ ಲಿಂಕನ್ ಕೌಂಟಿಯಲ್ಲಿ ಸಿಕ್ಕಿತು ಎಂದು ಬರೆದಿರುವುದನ್ನು ಓದಿ ಇದೇ ಊರು ಎಂದುಕೊಳ್ಳಬೇಡಿ. ಆ ಕೌಂಟಿ ಪಶ್ಚಿಮಕ್ಕೆ ಹಗಲರ್ಧ ದಾರಿ. ಆಗ ಮ್ಯೂಸಿಯಮ್ ನಡೆಸುತ್ತಿದ್ದವನೇ ಅರ್ವಿನ್ ಬಾರ್ಬರ್. ಅದೇ ವರ್ಷ ಅತ್ತ ಕ್ಯಾಪಿಟಲ್ ಕೆಲಸವೂ ಶುರುವಾಗಿತ್ತು. ಒಬ್ಬನೇ ಮನುಷ್ಯ ಒಂದು ಕಡೆ ಮೂಳೆ ಜೋಡಿಸುತ್ತ, ಇನ್ನೊಂದು ಕಡೆ ಅವೇ ಜೀವಿಗಳನ್ನು ರಾಜ್ಯದ ನೆಲಕ್ಕೆ ಇಳಿಸಲು ನೆರವಾದ. ಬೆಳಿಗ್ಗೆ ನೆಲ ನೋಡದೆ ಬಂದವರಿಗೆ ಇಲ್ಲಿ ಬರೀ ಆನೆ ಕಾಣುತ್ತದೆ.

“ಸಂಜೆ ಹೂತೋಟ. ಮೊದಲು ತಿಪ್ಪೆಯಂತೆ.”

ಸಂಕನ್ ಗಾರ್ಡನ್ಸ್. ಎರಡು ಎಕರೆಗೂ ಕಮ್ಮಿ ಜಾಗ, ಬಡಾವಣೆಯವರು ಕಸ ಸುರಿಯುತ್ತಿದ್ದ ಹಳ್ಳ. 1930-31ರ ಚಳಿಗಾಲದಲ್ಲಿ ಕೆಲಸ ಕಳೆದುಕೊಂಡವರಿಗೆ ಕೂಲಿ ಕೊಟ್ಟು ಅದನ್ನು ತೋಟ ಮಾಡಿಸಿದರು. ಗೋಪುರ ಏಳುತ್ತಿದ್ದ ಕಾಲವೂ ಅದೇ. ದಾಲಿಯಾ, ಚೆಂಡುಹೂವಿನ ಜಾತಿಯವು, ಕೊಳದಲ್ಲಿ ಮೀನು. ಅತ್ತಿಗೆ ಮೊಬೈಲಿನಲ್ಲಿ ತುಂಬಿಕೊಂಡದ್ದೆಲ್ಲ ಇಲ್ಲಿಯ ಚಿತ್ರಗಳೇ.

“ರಾತ್ರಿ ಅನ್ನ, ತಿಳಿಸಾರು. ಬೆಳಿಗ್ಗೆ ಟ್ಯಾಂಕ್: ಮೊದಲು ಕಪ್ಪು, ಆಮೇಲೆ ಬೂದು.”

ಮೊದಲರ್ಧಕ್ಕೆ ವ್ಯಾಖ್ಯಾನ ಬೇಡ. ಆದರೂ ಒಂದು ಮಾತು: ಆರ್‌ವಿಯಲ್ಲಿ ಇಂಗಿನ ಒಗ್ಗರಣೆ ಕೊಟ್ಟರೆ ಹೊಗೆಯ ಅಲಾರಾಂ ಇಡೀ ಕ್ಯಾಂಪ್‌ಗ್ರೌಂಡಿಗೆ ಊಟದ ಸುದ್ದಿ ಸಾರುತ್ತದೆ. ಅತ್ತಿಗೆ ಒಗ್ಗರಣೆ ಸೌಟನ್ನು ಹೊರಗಿನ ಮೇಜಿನ ಮೇಲೆ, ಪುಟ್ಟ ಸ್ಟವ್ವಿನಲ್ಲಿ ಕಾಯಿಸುತ್ತಾರೆ.

ಎರಡನೆಯ ಅರ್ಧ ಆರ್‌ವಿಯವರ ನಿತ್ಯಕರ್ಮ. ಪಾಯಿಖಾನೆಯದು ಕಪ್ಪು ಟ್ಯಾಂಕು, ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿನದು ಬೂದು ಟ್ಯಾಂಕು. ಎರಡೂ ಒಂದೇ ಪೈಪಿನಲ್ಲಿ ಇಳಿಯುವುದರಿಂದ ಕಪ್ಪನ್ನು ಮೊದಲು ಬಿಡಬೇಕು. ಹಿಂದಿನಿಂದ ಬರುವ ಸೋಪಿನ ನೀರು ಪೈಪನ್ನು ತೊಳೆಯುತ್ತದೆ. ಈ ಕ್ರಮ ತಪ್ಪಿಸಿದವರು ಜೀವಮಾನದಲ್ಲಿ ಮತ್ತೆ ತಪ್ಪಿಸುವುದಿಲ್ಲ ಎಂದು ಪಕ್ಕದ ಗಾಡಿಯ ಅಜ್ಜ ಹೇಳಿದ. ಕ್ಯಾಂಪ್‌ಗ್ರೌಂಡಿನಲ್ಲಿದ್ದರೂ ಕಪ್ಪು ಟ್ಯಾಂಕಿನ ಕೀಲಿಯನ್ನು ಸದಾ ತೆರೆದಿಡಬಾರದು. ನೀರು ಹರಿದುಹೋಗಿ ಗಟ್ಟಿ ಮಾತ್ರ ಉಳಿಯುತ್ತದೆ, ಮುಂದಿನದನ್ನು ಊಹಿಸಿಕೊಳ್ಳಿ.

“ಬಿಯಾಟ್ರಿಸ್. 160 ಎಕರೆ.”

ಲಿಂಕನ್‌ನಿಂದ ದಕ್ಷಿಣಕ್ಕೆ ಸುಮಾರು 40 ಮೈಲಿ. ಬಿಯಾಟ್ರಿಸ್ ಪಕ್ಕದಲ್ಲಿ ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. 1862ರಲ್ಲಿ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ 21 ವಯಸ್ಸಾದ, ಅಥವಾ ಮನೆಯ ಯಜಮಾನಿಕೆ ಇರುವ ಯಾರೇ ಆಗಲಿ, ಅಮೆರಿಕದ ವಿರುದ್ಧ ಆಯುಧ ಎತ್ತಿರದಿದ್ದರೆ 160 ಎಕರೆ ಸರ್ಕಾರಿ ಭೂಮಿ ಕೇಳಬಹುದು. ಒಂಟಿ ಹೆಣ್ಣುಮಕ್ಕಳು, ವಿಧವೆಯರು, ಪೌರತ್ವಕ್ಕೆ ಅರ್ಜಿ ಹಾಕಿದ ವಲಸಿಗರು ಕೂಡ. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದರೆ ಭೂಮಿ ಸ್ವಂತ. ಖರ್ಚು ಶುಲ್ಕದ 18 ಡಾಲರ್. ಕಾಯಿದೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಆ ನಡುರಾತ್ರಿ ದಾಟುತ್ತಲೇ ಬ್ರೌನ್‌ವಿಲ್‌ನ ಭೂ ಕಚೇರಿಯಲ್ಲಿ ಅರ್ಜಿ ಬರೆಸಿದ ಡೇನಿಯಲ್ ಫ್ರೀಮನ್‌ನ ಹೊಲವೇ ಇಂದಿನ ಈ ಉದ್ಯಾನ.

ಇಲ್ಲಿ ಗಾಡಿ ನಿಲ್ಲಿಸಲು ಚಿಂತೆಯಿಲ್ಲ. ವಾಹನ ನಿಲ್ಲಿಸುವ ಜಾಗವನ್ನು ಸರಿಯಾಗಿ ಒಂದು ಎಕರೆ ಅಳೆದು ಮಾಡಿದ್ದಾರೆ, ಒಂದು ಎಕರೆ ಎಂದರೆ ಎಷ್ಟೆಂದು ಪೇಟೆಯವರಿಗೆ ಗೊತ್ತಾಗಲಿ ಎಂದು. ಮ್ಯೂಸಿಯಮ್ಮಿನ ಚಾವಣಿ ನೆಲ ಸೀಳುವ ನೇಗಿಲಿನ ಆಕಾರ. ಅದಕ್ಕೆ ಹೋಗುವ ದಾರಿಯುದ್ದಕ್ಕೂ ಕಾಯಿದೆ ನಡೆದ 30 ರಾಜ್ಯಗಳ ಆಕಾರಗಳನ್ನು ನಿಲ್ಲಿಸಿ, ಒಂದೊಂದರಲ್ಲಿ ಎಷ್ಟು ಪಾಲು ಭೂಮಿ ಹೀಗೆ ಹಂಚಿಹೋಯಿತೋ ಅಷ್ಟು ಕಿಂಡಿ ಕೊರೆದಿದ್ದಾರೆ. ನೆಬ್ರಾಸ್ಕದ ಕಿಂಡಿ ಅರ್ಧಕ್ಕೆ ಹತ್ತಿರ, ಶೇಕಡ 45. ಒಟ್ಟು ಹಂಚಿದ್ದು 27 ಕೋಟಿ ಎಕರೆ, ದೇಶದ ನೆಲದ ಹತ್ತರಲ್ಲಿ ಒಂದು ಪಾಲು. ಅರ್ಜಿ ಹಾಕಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಐದು ವರ್ಷ ತುಂಬಿಸಲಾಗದೆ ಬಿಟ್ಟು ಹೋದರು ಎಂಬುದನ್ನೂ ಒಳಗೆ ಹೇಳುತ್ತಾರೆ. ಗೋಪುರದ ಮೇಲಿನವನು ಉಳಿದವರ ಪ್ರತಿನಿಧಿ.

‘ಸರ್ಕಾರಿ ಭೂಮಿ’ ಎಂದೆನಲ್ಲ, ಅದು ಸರ್ಕಾರದ್ದಾದ ಬಗೆಯೂ ಇಲ್ಲೇ ಸಮೀಪದ್ದು. ಈ ಕಡೆಯ ನೆಲ ಓಟೊ-ಮಿಸ್ಸೂರಿಯ ಜನರದು. 1854ರ ಒಪ್ಪಂದದಲ್ಲಿ ಅವರನ್ನು ಬಿಗ್ ಬ್ಲೂ ನದಿಯ ಒಂದು ತುಂಡಿಗೆ ಸರಿಸಿದರು. 1881ರಲ್ಲಿ ಅದನ್ನೂ ಬಿಡಿಸಿ ಒಕ್ಲಹೋಮಕ್ಕೆ ಕಳಿಸಿದರು. 18 ಡಾಲರಿಗೆ ಬಡವನಿಗೆ ಹೊಲ ಕೊಟ್ಟ ಕಾಯಿದೆ ಎಂದು ಕೊಂಡಾಡಲು ನಾಲಿಗೆ ಎಳೆಯುತ್ತದೆ. ಉಳುವವನೇ ಹೊಲದೊಡೆಯ ಎಂದು ಕೇಳಿ ಬೆಳೆದ ನಮಗಂತೂ ಇನ್ನೂ ಹೆಚ್ಚು. ಆದರೆ ಇಲ್ಲಿ ಕೈ ಬದಲಾದದ್ದು ಜಮೀನ್ದಾರನ ಭೂಮಿಯಲ್ಲ. ಹಿಂದಿನ ದಿನ ಮಾಲ್‌ನಲ್ಲಿ ಸ್ಟ್ಯಾಂಡಿಂಗ್ ಬೇರ್‌ನನ್ನು ನೋಡಿ ಬಂದಿರದಿದ್ದರೆ ನಾನೂ ಬರೀ ನೇಗಿಲು ನೋಡಿ ಬರುತ್ತಿದ್ದೆ.

“ಒಂದು ಕೋಣೆಯ ಶಾಲೆ. ದೊಡ್ಡ ಮೊಕದ್ದಮೆ.”

ಉದ್ಯಾನದ ಅಂಚಿನಲ್ಲಿ ಇಟ್ಟಿಗೆಯ ಫ್ರೀಮನ್ ಶಾಲೆ. 1872ರದು, 1967ರವರೆಗೆ ಪಾಠ ನಡೆಯಿತು. ಬೆಂಚು, ಒಲೆ, ಕರಿಹಲಗೆ, ಇಷ್ಟೇ. ಅವಸರದ ಪ್ರವಾಸಿಗಳು ಇದನ್ನು ಬಿಟ್ಟು ಹೋಗುತ್ತಾರೆ.

1899ರಲ್ಲಿ ಇಲ್ಲಿಯ ಶಿಕ್ಷಕಿ ತರಗತಿಯಲ್ಲಿ ಬೈಬಲ್ ಓದಿಸುತ್ತಿದ್ದಳು, ಪ್ರಾರ್ಥನೆ ಹೇಳಿಸುತ್ತಿದ್ದಳು. ಮೊದಲ ಹೋಮ್‌ಸ್ಟೆಡ್ ಪಡೆದವನೆಂದು ಹೆಸರಾದ ಅದೇ ಡೇನಿಯಲ್ ಫ್ರೀಮನ್, ಆಗ ವಯಸ್ಸಾದವನು, ಸಾರ್ವಜನಿಕರ ತೆರಿಗೆಯಲ್ಲಿ ನಡೆಯುವ ಶಾಲೆಯಲ್ಲಿ ಇದು ಕೂಡದು ಎಂದು ತಕರಾರು ತೆಗೆದ. ಶಾಲಾ ಮಂಡಳಿ ಶಿಕ್ಷಕಿಯ ಪರ ನಿಂತಿತು. ಫ್ರೀಮನ್ ಕೋರ್ಟಿಗೆ ಹೋದ. ಕೆಳಗಿನ ಕೋರ್ಟಿನಲ್ಲಿ ಸೋತ. ಬಿಡದೆ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದ. 1902ರಲ್ಲಿ ಅಲ್ಲಿ ಗೆದ್ದ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ದೇಶಕ್ಕೆಲ್ಲ ಅನ್ವಯಿಸುವಂತೆ ಶಾಲೆಗಳಲ್ಲಿ ಬೈಬಲ್ ಪಠಣಕ್ಕೆ ತಡೆ ಹಾಕಿದ್ದು 1963ರಲ್ಲಿ, ಈ ರೈತ ಗೆದ್ದ ಆರು ದಶಕಗಳ ಮೇಲೆ. ಫ್ರೀಮನ್‌ನನ್ನು ಅರ್ಜಿ ಹಾಕಿದ ಮೊದಲಿಗನೆಂದು ನೆನೆಯುವುದಕ್ಕಿಂತ ಈ ಮೊಕದ್ದಮೆಗಾಗಿ ನೆನೆಯುವುದು ನ್ಯಾಯ ಎಂದು ನನಗನ್ನಿಸುತ್ತದೆ. ಸುಪ್ರೀಂ ಕೋರ್ಟು ಆಗ ಕೂರುತ್ತಿದ್ದದ್ದು ಲಿಂಕನ್‌ನಲ್ಲಿ, ಗೋಪುರಕ್ಕೆ ಜಾಗ ಬಿಟ್ಟುಕೊಟ್ಟು ನೆಲಸಮವಾದ ಆ ಹಳೆಯ ಕ್ಯಾಪಿಟಲ್‌ನೊಳಗೆ.